ಹೆಂಗಸರ ಕಡೆಯ ಕ್ಯಾಮೆರಾ

ಆಪಾ ಅವರ ಬುರ್ಖಾದ ಬಲತೋಳಿಗೆ ಯಾವಾಗಲೂ ಒಂದು ರಬ್ಬರ್ ಬ್ಯಾಂಡ್ ಬಿಗಿದಿರುತ್ತಿತ್ತು, ತೋಳು ಜಾರಿ ಲೆನ್ಸಿಗೆ ಅಡ್ಡ ಬರಬಾರದೆಂದು. ಬ್ಯಾಂಡ್ ಬಿಚ್ಚಿ, ಮಣಿಕಟ್ಟಿನ ಮೇಲೆ ಎದ್ದ ಕೆಂಪು ಗೆರೆಯನ್ನು ಎಡಗೈಯಿಂದ ತಿಕ್ಕುತ್ತಾ ನನ್ನ ಕಂಪ್ಯೂಟರಿನ ಎದುರು ಕೂತರೆಂದರೆ ಆ ದಿನದ ನನ್ನ ಬೇರೆ ಕೆಲಸವೆಲ್ಲ ಕೆಟ್ಟಂತೆಯೇ.

ಆಪಾ ಎಂದರೆ ಅಕ್ಕ. ಭದ್ರಾವತಿಯ ಮುಸ್ಲಿಂ ಮದುವೆಗಳಲ್ಲಿ ಅವರು ಹೆಂಗಸರ ಕಡೆಯ ಫೋಟೋ ತೆಗೆಯುತ್ತಿದ್ದರು. ಗಂಡಸರ ಕಡೆಗೆ ಯಾರಾದರೂ ಆಗುತ್ತದೆ, ಪರದೆಯ ಈಚೆಗೆ ಮಾತ್ರ ಹೆಂಗಸೇ ಬೇಕು. ನಾನು ಶಿವಮೊಗ್ಗದ ವಿದ್ಯಾನಗರದಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಮದುವೆ ಆಲ್ಬಮ್ ಜೋಡಿಸುವವಳು. ಈ ಕೆಲಸಕ್ಕೂ ಅವರಿಗೆ ಹೆಣ್ಣುಮಗಳೇ ಬೇಕಿತ್ತು. ಹಾಗಾಗಿ ಅವರ ಕ್ಯಾಮೆರಾದ ಮೆಮೊರಿ ಕಾರ್ಡುಗಳೆಲ್ಲ ಬಸ್ಸು ಹತ್ತಿ ನನ್ನಲ್ಲಿಗೆ ಬರುತ್ತಿದ್ದವು. ಅದೂ ಎಲೆಅಡಿಕೆಯ ಸಂಚಿಯಲ್ಲಿ. ಮೊದಲು ಬ್ರಶ್ ಹಿಡಿದು ಕಾರ್ಡಿನ ಹಿತ್ತಾಳೆ ಬಣ್ಣದ ಗೆರೆಗಳಿಂದ ಅಡಿಕೆ ಪುಡಿ ಉದುರಿಸಬೇಕು. ಅಷ್ಟರಲ್ಲಿ ಅವರು ನಿಕಾಹ್‌ನಲ್ಲಿ ಹಂಚಿದ ಖರ್ಜೂರದ ಪೊಟ್ಟಣವನ್ನು ನನ್ನ ಕೀಬೋರ್ಡಿನ ಮೇಲೆಯೇ ಬಿಚ್ಚಿಡುತ್ತಿದ್ದರು.

ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಡೈರಿಯಲ್ಲಿ ಅವರು ಬಂದ ದಿನಗಳ ಎದುರು ಕಾರ್ಡ್ ಸರಿಯಿದ್ದರೆ ಹಸಿರು ಚುಕ್ಕೆ, ಕೆಟ್ಟಿದ್ದರೆ ಕೆಂಪು. ಕೆಂಪಿನ ಕಾರಣಗಳೆಲ್ಲ ಅವವೇ. ಕ್ಯಾಮೆರಾದ ದೀಪ ಮಿನುಗುತ್ತಿರುವಾಗಲೇ ಕಾರ್ಡ್ ಎಳೆಯುತ್ತಿದ್ದರು. ಬ್ಯಾಟರಿ ಪೂರಾ ಸಾಯುವ ತನಕ ಬದಲಿಸುತ್ತಿರಲಿಲ್ಲ. ಇವೆರಡನ್ನು ಗೋಗರೆದು ಒಂದಿಷ್ಟು ತಿದ್ದಿದೆ. ಮೂರನೆಯದರಲ್ಲಿ ನಾನು ಪೂರ್ತಿ ಸೋತೆ. ತೆಗೆದ ಫೋಟೋಗಳನ್ನು ಅವರು ಅಲ್ಲಿಯೇ, ಕ್ಯಾಮೆರಾದಲ್ಲೇ, ಒಂದೊಂದಾಗಿ ಅಳಿಸುತ್ತಿದ್ದರು.

ಯಾರಾದರೂ ದುಪಟ್ಟಾ ಜಾರಿದೆ, ಮುಖ ಊದಿದಂತಿದೆ, ಬೇಡ ಎಂದರೆ ಸಾಕು. ಆಪಾ ಕ್ಯಾಮೆರಾ ತಿರುಗಿಸಿ ಅವಳ ಕಣ್ಣೆದುರಿಗೇ ಗುಂಡಿ ಒತ್ತಿ, "ಹೋಯ್ತು ನೋಡು" ಎನ್ನುತ್ತಿದ್ದರು. ಹಾಗೆ ಅಳಿಸುವ ನಡುವೆ ಬ್ಯಾಟರಿ ಹೋದರೆ ಇಡೀ ಕಾರ್ಡೇ ಕೆಡುತ್ತದೆ, ನನ್ನ ಹತ್ತಿರ ಬಂದಮೇಲೆ ಅಳಿಸೋಣ ಎಂದು ಎಷ್ಟು ಸಲ ಹೇಳಿದ್ದೇನೋ.

"ಆಮೇಲೆ ಅಳಿಸ್ತೀನಿ ಅಂದ್ರೆ ಯಾರು ನಂಬ್ತಾರೆ ಮಾರಾಯ್ತಿ?" ಎನ್ನುತ್ತಿದ್ದರು. "ಕಣ್ಣೆದುರು ಹೋಗಬೇಕು. ಹೋದ್ಮೇಲೆ ಅವಳು ಆರಾಮಾಗಿ ಕೂರ್ತಾಳೆ. ಆಗ ಫೋಟೋ ಬರೋದು."

ಕೊನೆಗೆ ನಾನು ಹೆದರಿದ್ದೇ ಆಯಿತು. ಒಂದು ಮದುವೆಯಲ್ಲಿ, ಊಟದ ಹೊತ್ತಿಗೆ, ಯಾರದೋ ಫೋಟೋ ಅಳಿಸುತ್ತಿದ್ದಾಗ ಕ್ಯಾಮೆರಾ ಆರಿತು. ಹೊಸ ಬ್ಯಾಟರಿ ಹಾಕಿದರೆ ಬೆಳಗ್ಗಿನಿಂದ ತೆಗೆದದ್ದರಲ್ಲಿ ಒಂದೂ ತೆರೆಯಲಿಲ್ಲ. ಮದುಮಗಳ ಕಡೆಯ ಅಷ್ಟೂ ಹೆಂಗಸರ ನೆನಪು ಆ ಒಂದು ಕಾರ್ಡಿನಲ್ಲಿತ್ತು.

ಮದುಮಗಳ ಅಣ್ಣ ಮರುದಿನವೇ ಆಪಾ ಅವರ ಬಾಗಿಲಿಗೆ ಬಂದನಂತೆ. ಬೆಂಗಳೂರಿನಲ್ಲಿ ಇಂಥದ್ದನ್ನು ಸರಿಮಾಡುವ ದೊಡ್ಡ ಅಂಗಡಿಯಿದೆ, ಕಾರ್ಡ್ ಕೊಡಿ ಎಂದನಂತೆ. ಇವರು ಕೊಡಲಿಲ್ಲ. ಅಲ್ಲಿ ಕೂತಿರುವವರೆಲ್ಲ ಗಂಡಸರು, ನಿನ್ನ ತಂಗಿಯನ್ನು ಒಂದೊಂದಾಗಿ ತೆಗೆದು ನೋಡುತ್ತಾರೆ ಎಂದರಂತೆ. ಫೋಟೋ ಸಿಗದಿದ್ದರೆ ಊರಲ್ಲಿ ಇನ್ನೊಂದು ಮದುವೆಗೆ ಕರೆಯದ ಹಾಗೆ ಮಾಡುತ್ತೇನೆ ಎಂದು ಅವನು ಹೇಳಿಹೋದದ್ದನ್ನು ನನಗೆ ತಿಳಿಸುವಾಗ ಆಪಾ ಅವರ ದನಿ ಮೊದಲ ಸಲ ಸಣ್ಣಗಾಗಿತ್ತು.

ನಾನು ಬೈದೆ. ಬೈಯುತ್ತಲೇ ಕಾರ್ಡಿನ ಬದಿಯ ಲಾಕ್ ಸರಿಸಿದೆ, ಅದರ ಮೇಲೆ ಹೊಸದೇನೂ ಬರೆಯದಂತೆ. ಮೊದಲು ಇಡೀ ಕಾರ್ಡಿನ ಪಡಿಯಚ್ಚನ್ನು ಕಂಪ್ಯೂಟರಿಗೆ ತೆಗೆದುಕೊಂಡು, ಮುಂದಿನ ಪ್ರಯೋಗವನ್ನೆಲ್ಲ ಅದರ ಮೇಲೆ ಮಾಡಿದೆ. ಕೆಲವು ಫೋಟೋ ಸಲೀಸಾಗಿ ಬಂದವು. ಕೆಲವಕ್ಕೆ ಹಣೆಯಿಂದ ಮೂಗಿನವರೆಗೆ ಮುಖ, ಕೆಳಗೆಲ್ಲ ಬೂದಿ ಬಣ್ಣ. ಇನ್ನು ಕೆಲವಕ್ಕೆ ಫೈಲಿನ ತಲೆಭಾಗವೇ ಕೆಟ್ಟಿತ್ತು. ಅದೇ ಕ್ಯಾಮೆರಾದಲ್ಲಿ, ಬೇರೆ ಕಾರ್ಡ್ ಹಾಕಿ, ಹೊಸದೊಂದು ಫೋಟೋ ತೆಗೆಯಲು ಹೇಳಿದೆ. ಆ ಒಳ್ಳೆಯ ಫೈಲಿನ ತಲೆಯನ್ನು ಕತ್ತರಿಸಿ ಕೆಟ್ಟದ್ದಕ್ಕೆ ಜೋಡಿಸಿದರೆ ಎಷ್ಟೋ ಸಲ ತೆರೆದುಕೊಳ್ಳುತ್ತದೆ. ಆಪಾ ನನ್ನನ್ನೇ ನಿಲ್ಲಿಸಿ, ಈ ಸಿಟ್ಟಿನ ಮುಖ ಹಾಕಿದರೆ ಮದುಮಗಳೂ ಸಿಟ್ಟಾಗಿ ಬಂದಾಳು, ಸ್ವಲ್ಪ ನಗು ಎಂದರು. ನಾನು ನಗಲಿಲ್ಲ. ಮದುಮಗಳು ಚೆನ್ನಾಗಿಯೇ ಬಂದಳು.

ಸಂಜೆಯ ಹೊತ್ತಿಗೆ ಮದುವೆಯ ಬಹುಪಾಲು ಪರದೆಯ ಮೇಲಿತ್ತು. ಆಪಾ ಎರಡೂ ಕೈಯಿಂದ ನನ್ನ ತಲೆ ನೇವರಿಸಿ ತಮ್ಮ ಹಣೆಯ ಬದಿಗೆ ಬೆರಳು ಮುರಿದರು. ನಾನು ಉಬ್ಬಿಹೋಗಿ, ನೋಡಿ, ನೀವು ಅಳಿಸಿದ್ದೂ ಬಂದಿದೆ ಎಂದು ಇನ್ನೊಂದು ಫೋಲ್ಡರ್ ತೆರೆದೆ.

ಜಾರಿದ ದುಪಟ್ಟಾಗಳು, ಊದಿದ ಮುಖಗಳು, ಮಗುವಿಗೆ ಹಾಲೂಡಿಸುತ್ತಿದ್ದ ಒಬ್ಬಳು. ಈ ಮದುವೆಯವು ಮಾತ್ರವಲ್ಲ, ಹಿಂದಿನ ಮದುವೆಗಳವೂ ಇದ್ದವು. ಆಪಾ ಅವರ ಕೈ ನನ್ನ ತಲೆಯ ಮೇಲಿಂದ ಇಳಿಯಿತು.

"ಇವು ಹೋಗಿದ್ವಲ್ಲ?"

ನಾನು ವಿವರಿಸಿದೆ. ಅಳಿಸಿದಾಗ ಫೋಟೋ ಎಲ್ಲಿದೆಯೆಂಬ ಗುರುತು ಮಾತ್ರ ಹೋಗುತ್ತದೆ. ಆ ಜಾಗಕ್ಕೆ ಬೇರೆ ಫೋಟೋ ಬಂದು ಕೂರುವ ತನಕ ಹಳೆಯದು ಅಲ್ಲೇ ಇರುತ್ತದೆ. ಆದ್ದರಿಂದಲೇ ನಮಗೆ ಮದುವೆ ಸಿಕ್ಕಿದ್ದು ಎಂದೆ. ಅವರಿಗೆ ಕೊನೆಯ ಮಾತು ಕೇಳಿಸಿದಂತಿರಲಿಲ್ಲ.

"ಇಷ್ಟು ವರ್ಷ ಎಲ್ಲರಿಗೂ ಹೋಯ್ತು ಅಂದಿದೀನಿ."

"ನಿಮಗೇನು ಗೊತ್ತಿತ್ತು ಆಪಾ? ಬಿಡಿ. ನಾನು ಪೂರ್ತಿ ಒರೆಸಿ ಹಾಕ್ತೀನಿ."

ಒರೆಸಿದೆ. ಮದುವೆಯ ಫೋಟೋಗಳನ್ನು ಬೇರೆ ತೆಗೆದಿಟ್ಟು, ಕಾರ್ಡಿನ ತುಂಬ ಹಳೆಯದರ ಮೇಲೆಯೇ ಸೊನ್ನೆ ಬರೆಸಿ, ಕಂಪ್ಯೂಟರಿನಲ್ಲಿದ್ದ ಪಡಿಯಚ್ಚಿಗೂ ಆ ಫೋಲ್ಡರಿಗೂ ಅದನ್ನೇ ಮಾಡಿದೆ. ಮುಗಿಯಿತು ಎಂದುಕೊಂಡೆ. ಈ ಮಹಾತಾಯಿ ಮಾಡಿದ್ದೇನು? ಆ ಫೋಲ್ಡರಿನಲ್ಲಿ ಗುರುತು ಸಿಕ್ಕ ಒಬ್ಬೊಬ್ಬರ ಮನೆಗೂ ನಡೆದುಹೋಗಿ, ನಿನ್ನ ಫೋಟೋ ಅಳಿಸಿದೆ ಅಂದಿದ್ದೆ, ಅಳಿಸಿರಲಿಲ್ಲ, ಈಗ ಅಳಿಸಿದೆ ಎಂದು ಹೇಳಿಬಂದರು. ಯಾರೂ ಕೇಳಿರಲಿಲ್ಲ, ಯಾರಿಗೂ ತಿಳಿಯುವಂತಿರಲಿಲ್ಲ. ಒಂದು ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಹಾಲೂಡಿಸುತ್ತಿದ್ದವಳ ಅತ್ತೆ ಬೀದಿಗೆಲ್ಲ ಕೇಳುವಂತೆ ಬೈದಳು. ಮದುವೆಯ ಫೋಟೋ ಸಿಕ್ಕಿ ಆ ಅಣ್ಣ ಸುಮ್ಮನಾಗಿದ್ದ, ಅವನಿಂದ ತಪ್ಪಿದ ನಷ್ಟವನ್ನು ಇವರು ತಾವೇ ತಂದುಕೊಂಡರು. ನನಗೆ ಅಳುವಷ್ಟು ಸಿಟ್ಟು ಬಂದಿತ್ತು.

"ಹೇಳದೇ ಇದ್ದಿದ್ರೆ ಏನಾಗ್ತಿತ್ತು?" ಎಂದು ಕೇಳಿದೆ.

"ಮುಂದಿನ ಮದುವೇಲಿ ಹೋಯ್ತು ನೋಡು ಅನ್ನಕ್ಕೆ ನನಗೆ ಬಾಯಿ ಬರ್ತಿರ್ಲಿಲ್ಲ ಬೇಟಾ."

ಆಮೇಲೆ ಕ್ಯಾಮೆರಾದಲ್ಲಿ ಅಳಿಸುವುದನ್ನಾದರೂ ಬಿಟ್ಟರೇ? ಇಲ್ಲ. ಅಳಿಸಿ, ಇಲ್ಲಿ ಅರ್ಧ ಹೋಯಿತು, ಉಳಿದರ್ಧ ಶಿವಮೊಗ್ಗದ ಹುಡುಗಿ ತೆಗೆಯುತ್ತಾಳೆ ಎನ್ನಲು ಶುರುಮಾಡಿದರು. ಪ್ರತಿ ಮದುವೆಯ ನಂತರ ಬಂದು, ಸೊನ್ನೆ ತುಂಬಿ ಮುಗಿಯುವ ತನಕ ಅಲುಗಾಡದೆ ಕೂರುತ್ತಿದ್ದರು. ಹೀಗೆ ಮಾಡಿದರೆ ಕಾರ್ಡ್ ಬೇಗ ಸವೆಯುತ್ತದೆ ಎಂದರೆ, ಕಾರ್ಡ್ ಅಂಗಡಿಯಲ್ಲಿ ಸಿಗುತ್ತದೆ ಎನ್ನುತ್ತಿದ್ದರು. ನಾನು ಕಾಣದ ಊರಿನ, ಕಾಣದ ಹೆಂಗಸರಿಗೆಲ್ಲ ನನ್ನ ಹೆಸರಿನಲ್ಲಿ ಮಾತು ಕೊಟ್ಟುಬಿಟ್ಟಿದ್ದರು. ಬಾಗಿಲಲ್ಲೇ ಕಳಿಸಿದ್ದ ಮನೆಯವರು ಮಾತ್ರ ಮತ್ತೆ ಕರೆಯಲೇ ಇಲ್ಲ.

ಈ ವರ್ಷ ಬೇಸಿಗೆಯಲ್ಲಿ ಆಪಾ ತೀರಿಕೊಂಡರು. ನಾಲ್ಕು ದಿನದ ಜ್ವರ, ಅಷ್ಟೇ. ಲಾರಿ ಓಡಿಸುವ ಅವರ ಮಗ ಕ್ಯಾಮೆರಾವನ್ನು ಟವೆಲ್ಲಿನಲ್ಲಿ ಸುತ್ತಿ ತಂದುಕೊಟ್ಟ. ಕಾರ್ಡ್ ಒಳಗೇ ಇತ್ತು. "ನಾನು ಆನ್ ಮಾಡಿಲ್ಲಕ್ಕಾ" ಎಂದ. "ನಿಮಗೇ ಕೊಡಬೇಕು ಅಂದಿದ್ರು ಅಮ್ಮಿ."

ಕೊನೆಯ ಮದುವೆಯ ಫೋಟೋಗಳನ್ನು ಬೇರ್ಪಡಿಸಿದೆ. ನಡುವೆ ಒಂದು ಓರೆಯಾಗಿ ಬಂದಿತ್ತು, ಯಾವುದೋ ಮಗು ಒತ್ತಿರಬೇಕು. ಚಾಪೆಯ ಮೇಲೆ ಕಾಲು ಚಾಚಿ, ತಲೆಯ ಮೇಲೆ ಬಟ್ಟೆಯಿಲ್ಲದೆ, ಅರ್ಧ ನರೆತ ಕೂದಲು ಬಿಚ್ಚಿಕೊಂಡು, ಆಪಾ ಯಾರದೋ ಮಾತಿಗೆ ಕಣ್ಣು ಮುಚ್ಚಿ ನಗುತ್ತಿದ್ದಾರೆ. ಎಲ್ಲರ ಫೋಟೋ ತೆಗೆದ ಅವರದು ನಾನು ಕಂಡದ್ದು ಅದೊಂದೇ.

ಇಟ್ಟುಕೊಳ್ಳಬೇಕೆನ್ನಿಸಿತು. ನಾನು ಹೆಣ್ಣು, ನಾನು ನೋಡಬಹುದು. ಆದರೆ ಈ ಕೋಣೆಗೆ ನನ್ನ ಅಣ್ಣ ಬರುತ್ತಾನೆ, ಆಲ್ಬಮ್ ಅಚ್ಚಿನವರು ಬರುತ್ತಾರೆ. ಬೇಕೋ ಬೇಡವೋ ಎಂದು ಕ್ಯಾಮೆರಾ ತಿರುಗಿಸಿ ಕೇಳೋಣವೆಂದರೆ ಅವರಿಲ್ಲ. ಆ ಒಂದನ್ನು ಪೆನ್‌ಡ್ರೈವಿಗೆ ಹಾಕಿ ಮಗನ ಕೈಗೆ ಕೊಟ್ಟು, ಮನೆಯಲ್ಲೇ ನೋಡು ಎಂದೆ. ಅವನು ಹೋದಮೇಲೆ ಕಾರ್ಡಿಗೆ ಸೊನ್ನೆ ಬರೆಸಲು ಕೂತೆ, ಮುಗಿಯುವ ತನಕ ಏಳಲಿಲ್ಲ.

ನನ್ನ ಹತ್ತಿರ ಅವರ ಫೋಟೋ ಇಲ್ಲ. ಅದಕ್ಕೇ ಇದನ್ನು ಬರೆಯಬೇಕಾಯಿತು.