ಕಣ್ಣು ಮುಚ್ಚಿ ನಿಂತ ಭಾಮಾ

ಪುಣೆಯ ಒಂದು ಮೆಡಿಕಲ್ ಕಾಲೇಜಿನ ಫಿಜಿಯಾಲಜಿ ಪ್ರಯೋಗಾಲಯದಲ್ಲಿ ಭಾಮಾ ಇಪ್ಪತ್ತೆರಡು ವರ್ಷದಿಂದ ಸಹಾಯಕಿ. ಧಾರವಾಡದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಕಪ್ಪೆಯ ಕಾಲಿನ ಸ್ನಾಯು ಬಿಡಿಸಿ ಕೊಡುವುದು ಆಕೆಯ ಕೆಲಸವಾಗಿತ್ತು. ಸಣ್ಣ ವಿದ್ಯುತ್ ತಾಗಿಸಿದರೆ ಸ್ನಾಯು ಒಮ್ಮೆ ಕುಗ್ಗಿ ಸಡಿಲವಾಗುತ್ತಿತ್ತು; ಬಿಡುವಿಲ್ಲದೆ ತಾಗಿಸಿದರೆ ಬಿಗಿದೇ ನಿಂತು ಕೊನೆಗೆ ಸೋಲುತ್ತಿತ್ತು. ಈಗ ಅದೆಲ್ಲ ಕಂಪ್ಯೂಟರ್ ಪರದೆಯ ಮೇಲೆ. ಉಳಿದದ್ದು ಕಿವಿ ಪರೀಕ್ಷೆಯ ಟ್ಯೂನಿಂಗ್ ಫೋರ್ಕು, ಮೊಣಕಾಲು ತಟ್ಟುವ ಸುತ್ತಿಗೆ, ರಿಜಿಸ್ಟರು. ಪಾಠ ಕೇಳಿ ಕೇಳಿ ಅರ್ಧ ಡಾಕ್ಟರಾಗಿದ್ದೇನೆ ಎಂದು ಆಕೆಯೇ ನಗುತ್ತಿದ್ದಳು.

ಹೋದ ವರ್ಷ ಮೂತ್ರಪಿಂಡಕ್ಕೆ ಸೋಂಕಾಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದಳು. ದಿನವೂ ಜೆಂಟಾಮೈಸಿನ್ ಎಂಬ ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯಿತು. ಮನೆಗೆ ಬಂದ ಮೂರನೆಯ ದಿನ, ತಲೆ ತೊಳೆಯಲು ಕಣ್ಣು ಮುಚ್ಚಿದವಳೇ ಬಚ್ಚಲಿನ ಗೋಡೆಗೆ ಹೋಗಿ ಬಡಿದಳು.

ಆಮೇಲೆ ಶುರುವಾದ ಪೀಡೆಯನ್ನು ಹೇಳಿಕೊಳ್ಳುವುದೇ ಕಷ್ಟವಾಯಿತು. ತಲೆ ಸುತ್ತುತ್ತಿರಲಿಲ್ಲ. ನಿಂತರೆ ಎಲ್ಲ ಸರಿ. ನಡೆಯತೊಡಗಿದರೆ ಮಾತ್ರ ರಸ್ತೆ, ಅಂಗಡಿಯ ಬೋರ್ಡು, ಎದುರು ಬರುವವರ ಮುಖ, ಎಲ್ಲವೂ ಹೆಜ್ಜೆಹೆಜ್ಜೆಗೂ ಮೇಲೆ ಕೆಳಗೆ ಕುಣಿಯುತ್ತಿದ್ದವು. ಕತ್ತಲಾದರೆ ಕಾಲು ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಬೀಳಬಾರದೆಂದು ತೊಡೆ, ಮೀನಖಂಡಗಳನ್ನು ಇಡೀ ದಿನ ಬಿಗಿಹಿಡಿದು ಸಂಜೆಗೆ ಕಾಲುಗಳು ಕಲ್ಲಾಗುತ್ತಿದ್ದವು.

"ಗ್ಯಾಸ್ ಇರಬೇಕು," ಎಂದ ಗಂಡ ಏಕನಾಥ. ಪುಣೆಯ ಕೊಂಢವಾ ಬಡಾವಣೆಯಲ್ಲಿ ಅವನದೊಂದು ಮಿಕ್ಸರ್ ರಿಪೇರಿ ಅಂಗಡಿ.

"ಗ್ಯಾಸಿಗೆ ಬೋರ್ಡ್ ಕುಣಿತಾವೇನ್ರಿ?"

"ಹಂಗಾದ್ರ ಕಣ್ಣು ತೋರಿಸು."

ಕಣ್ಣು ತೋರಿಸಿದಳು, ಕನ್ನಡಕ ಬದಲಾಯಿತು. ಕತ್ತಿನ ಎಕ್ಸ್‌ರೇ ಆಯಿತು, ಕತ್ತಿಗೆ ಪಟ್ಟಿ ಬಂತು. ಕಿವಿಯ ಡಾಕ್ಟರು ಶ್ರವಣ ಪರೀಕ್ಷೆ ಮಾಡಿಸಿ, "ಕಿವಿ ಒಂದನೇ ನಂಬರ್ ಅದ. ವಯಸ್ಸು ಐವತ್ತಾತು. ಟೆನ್ಶನ್ ತಗೋಬ್ಯಾಡ್ರಿ," ಎಂದು ನಿದ್ದೆಯ ಗುಳಿಗೆ ಬರೆದರು.

"ಸರ್, ಕೇಳೋದರ ತೊಂದರೆ ಅಲ್ರಿ ನಂದು. ಒಳಗಿವಿಯೊಳಗ ಸಮತೋಲ ಹಿಡಿಯೋ ನಾಳ ಅದಾವಲ್ಲ, ಅದನ್ನ ನೋಡ್ರಿ," ಎಂದಳು ಭಾಮಾ.

ಡಾಕ್ಟರು ಮುಖ ಗಂಟಿಕ್ಕಿದರು. "ಗೂಗಲ್ ನೋಡ್ಕೊಂಡು ಬಂದೀರೇನು?"

ಇಪ್ಪತ್ತೆರಡು ವರ್ಷ ಅದೇ ಪಾಠದ ಬೋರ್ಡು ಒರೆಸಿದ್ದೇನೆ ಎಂದು ಹೇಳಬೇಕೆನಿಸಿತು. ಚೀಟಿ ಎತ್ತಿಕೊಂಡಳು. ಎದ್ದು ಬಂದಳು. ಅದೇ ಸಂಜೆ ಕ್ಯಾಂಪ್ ಬಡಾವಣೆಯಲ್ಲಿ ಬಸ್ಸಿಗೆ ಹೋಗುವಾಗ ತೂರಾಡಿದ್ದನ್ನು ಕಂಡು ರಿಕ್ಷಾದವನೊಬ್ಬ, "ಕಾಯ್ ಮಾವಶಿ, ಘೇತಲೀ ಕಾ?" ಎಂದು ಹೆಬ್ಬೆರಳನ್ನು ಬಾಯಿಗೆ ಎತ್ತಿ ತೋರಿಸಿ ನಕ್ಕ. ಕುಡಿದಿದ್ದೀಯಾ ಎಂದು ಕೇಳಿಸಿಕೊಳ್ಳುವ ದಿನವೂ ಬಂತಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿ ಕೂತಳು.

ಹೀಗೇ ಏಳು ತಿಂಗಳು ಕಳೆದವು. ಆಗಸ್ಟಿನಲ್ಲಿ ಮೊದಲ ವರ್ಷದವರಿಗೆ ಸಮತೋಲನದ ಪ್ರಾಯೋಗಿಕ ತರಗತಿ. ಆರೋಗ್ಯವಂತರು ಹೇಗೆ ನಿಲ್ಲುತ್ತಾರೆ ಎಂದು ತೋರಿಸಲು ವಿಭಾಗದ ಮುಖ್ಯಸ್ಥರು ಪ್ರತಿವರ್ಷ ಭಾಮಾಳನ್ನೇ ಕರೆಯುತ್ತಿದ್ದರು. ಈ ಸಲ ಬೇಡ ಎಂದಳು. "ಎರಡು ನಿಮಿಷದ್ದು, ಬರ್ರಿ," ಎಂದರು ಅವರು, ಕೇಳಿಸಿಕೊಳ್ಳದೆ.

ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನಿಂತಳು. ಕಣ್ಣು ಮುಚ್ಚಿದಳು. ಮರುಕ್ಷಣ ಬಲಗಡೆಯ ಮೇಜಿನ ಮೇಲೆ ಬಿದ್ದಳು. ಗಾಜಿನ ಜಾಡಿಯೊಂದು ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಬೆಳಗಾವಿಯ ಕಡೆಯ ಹೊಸ ಉಪನ್ಯಾಸಕಿ ಡಾ. ಅನುಜಾ ಓಡಿಬಂದು ಕೂರಿಸಿದಳು. "ನನ್ನ ಮೂಗು ನೋಡ್ರಿ, ಕಣ್ಣು ಕದಲಿಸಬ್ಯಾಡ್ರಿ," ಎಂದು ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಥಟ್ಟನೆ ಪಕ್ಕಕ್ಕೆ ತಿರುಗಿಸಿದಳು. ಭಾಮಾಳ ಕಣ್ಣು ಮೂಗಿನ ಮೇಲೆ ನಿಲ್ಲದೆ ತಲೆಯ ಜೊತೆಗೇ ಜಾರಿ, ಆಮೇಲೆ ಹಾರಿ ಹಿಂದಕ್ಕೆ ಬಂತು. ಇನ್ನೊಂದು ಬದಿಗೂ ಹಾಗೆಯೇ.

"ನಿಮಗ ಈ ಮೊದಲ ಜೆಂಟಾಮೈಸಿನ್ ಏನರ ಕೊಟ್ಟಿದ್ರೇನ್ರಿ?"

ಏಳು ತಿಂಗಳಲ್ಲಿ ಈ ಪ್ರಶ್ನೆ ಕೇಳಿದ ಮೊದಲಿಗಳು ಆಕೆ. ಭಾಮಾ ಉತ್ತರಿಸುವ ಬದಲು ಅತ್ತುಬಿಟ್ಟಳು, ಸಿಟ್ಟಿನಿಂದ.

ದೊಡ್ಡ ಪರೀಕ್ಷೆಗಳೂ ಅನುಜಾಳ ಸಂಶಯವನ್ನೇ ನಿಜ ಮಾಡಿದವು. ತಲೆಯ ಚಲನೆ ಅಳೆದು ಕಣ್ಣಿಗೂ ಸ್ನಾಯುಗಳಿಗೂ ಸುದ್ದಿ ಮುಟ್ಟಿಸುವ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಜೆಂಟಾಮೈಸಿನ್‌ನಿಂದ ಎರಡೂ ಕಡೆ ಹಾಳಾಗಿದ್ದವು. ಕೇಳುವ ಕೋಶಗಳನ್ನು ಔಷಧಿ ಮುಟ್ಟಿರಲಿಲ್ಲ.

"ಮತ್ತ ಬೆಳಿತಾವೇನು?"

"ಇಲ್ರಿ," ಎಂದಳು ಅನುಜಾ. "ಕಣ್ಣು, ಪಾದ ಸೇರಿ ಆ ಕೆಲಸ ಸ್ವಲ್ಪ ಕಲೀತಾವ. ದಿನಾ ವ್ಯಾಯಾಮ ಮಾಡಬೇಕು."

ಗೋಡೆಗೆ ಒಂದು ಅಕ್ಷರ ಅಂಟಿಸಿ, ಅದನ್ನೇ ದಿಟ್ಟಿಸುತ್ತ ತಲೆಯಾಡಿಸುವ ವ್ಯಾಯಾಮ. ವಾಕರಿಕೆ ಬರುತ್ತಿತ್ತು. ಬೈಯುತ್ತ ಮಾಡಿದಳು. ಏಕನಾಥ ಬಚ್ಚಲಿಗೆ ಕಬ್ಬಿಣದ ಹಿಡಿಕೆ ಹಾಕಿಸಿ, "ತಪ್ಪಾತು, ಗ್ಯಾಸ್ ಅಂದೆ," ಎಂದ. ಅದಕ್ಕೂ ಆಕೆಗೆ ಸಿಟ್ಟೇ ಬಂತು. ನಾಲ್ಕು ತಿಂಗಳಲ್ಲಿ ಹಗಲು ನಡೆಯುವುದು ಸುಧಾರಿಸಿತು. ಮೊದಲು ಓಡಿಸುತ್ತಿದ್ದ ಸ್ಕೂಟರನ್ನು ಮಾತ್ರ ಮತ್ತೆ ಮುಟ್ಟಲಿಲ್ಲ.

ಆ ಇಂಜೆಕ್ಷನ್ ಕೊಟ್ಟ ಆಸ್ಪತ್ರೆಗೆ ದೂರು ಬರೆದಳು. ಉತ್ತರ ಬಂತು: "ನಿಮ್ಮ ಶ್ರವಣಶಕ್ತಿ ಸಹಜವಾಗಿರುವುದರಿಂದ ಕಿವಿಗೆ ಹಾನಿಯಾಗಿದೆ ಎನ್ನಲಾಗದು."

ಎರಡು ಸಲ ಓದಿ ಕಾಗದವನ್ನು ಮೇಜಿಗೆ ಬಡಿದಳು. "ಇವರೂ ಮೊದಲ ವರ್ಷದಾಗ ನಪಾಸು!"

ಮರುದಿನ ಊಟದ ಬಿಡುವಿನಲ್ಲಿ ಮರಾಠಿಯಲ್ಲಿ ಎರಡನೆಯ ಪತ್ರ ಬರೆದಳು. ಕೇಳಿಸುವ ಬಸವನಹುಳುವಿನಂಥ ಸುರುಳಿ ಒಂದು ಬದಿಗೆ, ಸಮತೋಲದ ಮೂರು ನಾಳಗಳು ಇನ್ನೊಂದು ಬದಿಗೆ ಬರುವಂತೆ ಒಳಗಿವಿಯ ಚಿತ್ರ ಬಿಡಿಸಿ, ಸತ್ತಿರುವುದು ಯಾವುದು ಎಂದು ಬಾಣ ಹಾಕಿ ತೋರಿಸಿದಳು. ಕೆಳಗೆ ಅನುಜಾ ತನ್ನ ಸಹಿ ಹಾಕಿದಳು. ಭಾಮಾ ಅದನ್ನು ಯಾರ ಕೈಗೂ ಕೊಡದೆ, ಕಂಪೌಂಡಿನ ಗೋಡೆ ಹಿಡಿದುಕೊಂಡು, ಪೋಸ್ಟಾಫೀಸಿಗೆ ತಾನೇ ನಡೆದಳು.