ಗೊಟ್ಟಿಗೆರೆಯಲ್ಲಿ ಒಂದು ಕ್ಷೌರ

ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಜಯನಗರದಲ್ಲಿ ಗೊಟ್ಟಿಗೆರೆಯ ಬಸ್ಸು ಹತ್ತಿದೆವು. ಹೆಂಗಸರಿಗೆಲ್ಲ ಪುಕ್ಕಟೆ, ಟಿಕೆಟ್ ಕೊಂಡವರು ಗಂಡಸರಾದ ನಾವು ನಾಲ್ಕಾರು ಮಂದಿ ಮಾತ್ರ. ನನ್ನ ಜೊತೆಗಿದ್ದವರು ಎದುರುಮನೆಯ ಅಂತೋಣಿ. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ಆರೈಕೆ ಮಾಡಿ ನಿವೃತ್ತರಾದವರು. ತಿಂಗಳಿಗೆರಡು ಸಲ ಗೊಟ್ಟಿಗೆರೆಗೆ, ತಮ್ಮ ಹಳೆಯ ಮನೆ ಮಾಲೀಕರಾದ ರಾಮಣ್ಣನವರನ್ನು ನೋಡಲು ಹೋಗುತ್ತಾರೆ. ಅಲ್ಲಿ ಇವರು ತಮ್ಮ ಧರ್ಮದ ಪ್ರಚಾರ ಮಾಡುತ್ತಾರೇನೋ ಎಂಬ ಕುತೂಹಲ ನನಗೆ ಬಹಳ ದಿನದಿಂದ ಇತ್ತು. ಇನ್ನೊಬ್ಬರ ವಿಷಯಕ್ಕೆ ಮೂಗು ತೂರಿಸುವವನೇ ನಾನು, ಮುಚ್ಚಿಡುವುದೇನು? ನಾನೂ ಬರಲೇ ಎಂದು ಕೇಳಿದ್ದೆ.

"ಬನ್ನಿ ಸಾರ್, ಮಾತಿಗೆ ಜನ ಆಗತ್ತೆ" ಎಂದಿದ್ದರು.

ಜೆ.ಪಿ. ನಗರ ದಾಟಿ ಬನ್ನೇರುಘಟ್ಟ ರಸ್ತೆಗೆ ಬಂದ ಮೇಲೆ ಬಸ್ಸು ಓಡಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಮೆಟ್ರೋ ಕಂಬಗಳ ದೂಳು, ಶಿವರಾತ್ರಿ ಕಳೆದ ಬಿಸಿಲು. ರಾಮಣ್ಣನವರಿಗೆ ಲಕ್ವ ಹೊಡೆದಿದೆಯೆಂದೂ ನಾಳೆ ಮೊಮ್ಮಗಳ ನಿಶ್ಚಿತಾರ್ಥವೆಂದೂ ಅಂತೋಣಿ ದಾರಿಯಲ್ಲಿ ಹೇಳಿದರು.

ರಾಮಣ್ಣನವರ ಹೊಲವಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ, ಕೆಳಗೆಲ್ಲ ಬಾಡಿಗೆದಾರರು. ಅವರ ಹೆಂಡತಿ ಲಕ್ಷ್ಮಮ್ಮ ಮಜ್ಜಿಗೆ ಕೊಟ್ಟು ಗೋಳು ತೋಡಿಕೊಂಡರು. ಬೀಗರೊಡನೆ ತಾಂಬೂಲ ಬದಲಾಯಿಸಬೇಕಾದ ಹಿರಿಯರು ರಾಮಣ್ಣನವರೇ. ಆದರೆ ಈ ಗಡ್ಡದ ಮುಖ ಹೊತ್ತು ಕೋಣೆಯಿಂದ ಆಚೆ ಬರುವುದಿಲ್ಲ ಎಂದು ಹಟ ಹಿಡಿದಿದ್ದರು. ಅಂತೋಣಿ ಬಿಟ್ಟು ಬೇರೆ ಯಾರು ಬ್ಲೇಡು ಹಿಡಿದರೂ ಹೆದರಿ ತಲೆ ಕೊಡವುತ್ತಿದ್ದರಂತೆ. ಮೊಮ್ಮಗಳು ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು.

ಅಂತೋಣಿ ಚೀಲದಿಂದ ರೇಜರ್, ಬ್ರಷ್ಷು, ಸೋಪು ತೆಗೆದರು. ಲಕ್ಷ್ಮಮ್ಮ ಬೆಚ್ಚಿಬಿದ್ದರು. "ಅಯ್ಯೋ ಅಂತೋಣಿ, ಮಂಗಳವಾರ ಕ್ಷೌರಾನಾ? ನಾಳೆ ಮನೇಲಿ ಶುಭಕಾರ್ಯ ಇಟ್ಕೊಂಡು!"

"ಇವತ್ತು ಸಲೂನೆಲ್ಲ ಕ್ಲೋಸ್ ಅಲ್ವಾ ಅಮ್ಮ, ಅದಕ್ಕೇ ನಾನೇ ಬಂದೆ."

ನನಗೆ ನಗು ತಡೆಯಲಾಗಲಿಲ್ಲ. ಸಲೂನುಗಳು ಬಾಗಿಲು ಹಾಕುವುದೇ ಆ ಕಾರಣಕ್ಕೆ ಎಂಬುದು ಇಷ್ಟು ವರ್ಷ ಬೆಂಗಳೂರಿನಲ್ಲಿದ್ದೂ ಅವರಿಗೆ ಹೊಳೆದಿರಲಿಲ್ಲ! ಅಂತೋಣಿ ವಾದಿಸಲಿಲ್ಲ. ಎಲ್ಲವನ್ನೂ ಚೀಲಕ್ಕೆ ಹಾಕಿ, ಹೊರಗೆ ಹೋಗಿ ಮನೆಗೆ ಫೋನ್ ಮಾಡಿದರು. "ಬೆಳಿಗ್ಗೆ ಪೂಜೆಗೆ ನೀನೇ ಹೋಗು. ನಾನಿಲ್ಲೇ ಉಳ್ಕೋತೀನಿ."

ಏನೆಂದು ಕೇಳದೆ ಇರಲಾಗಲಿಲ್ಲ. "ನಾಳೆ ಬೂದಿ ಬುಧವಾರ ಸಾರ್" ಎಂದರು. "ಹಣೆಗೆ ಬೂದಿ ಇಡಿಸ್ಕೊಂಡು ನಮ್ಮ ನಲವತ್ತು ದಿನದ ವ್ರತ, ತಪಸ್ಸುಕಾಲ ಶುರು ಮಾಡ್ತೀವಿ. ಚರ್ಚಲ್ಲಿ ಅವತ್ತಿನ ಬೆಳಗಿನ ಪೂಜೆ ನಾನು ಯಾವತ್ತೂ ತಪ್ಪಿಸಿಲ್ಲ."

"ಹಾಗಾದ್ರೆ ಅವರಿಗೆ ಹೇಳಿ, ಹೊರಡೋಣ."

"ಬೇಡ ಸಾರ್. ಹೇಳಿದ್ರೆ ಕಳಿಸಿಬಿಡ್ತಾರೆ. ಪೂಜೆ ಮುಗಿಸಿ ಈ ಟ್ರಾಫಿಕ್ಕಲ್ಲಿ ಬರೋ ಹೊತ್ತಿಗೆ ಬೀಗರು ಬಂದಿರ್ತಾರೆ. ಗಡ್ಡ ಹಾಗೇ ಇದ್ರೆ ಅಣ್ಣ ಒಳಗೇ ಉಳೀತಾರೆ."

ಅಲ್ಲೇ ಉಳಿದೆವು. ಬೆಳಿಗ್ಗೆ ಅಂತೋಣಿ ರಾಮಣ್ಣನವರ ಗದ್ದವನ್ನು ಎಡಗೈಯಲ್ಲಿ ಹಿಡಿದು, ಹಳೆಯ ದಿನಗಳ ಮಾತಾಡುತ್ತ ನಿಧಾನವಾಗಿ ಗಡ್ಡ ತೆಗೆಯುತ್ತಿದ್ದರು. ಮುದುಕರು ಕಣ್ಣು ಮುಚ್ಚಿ ಮಗುವಿನಂತೆ ಕೂತಿದ್ದರು. ರಾಹುಕಾಲ ನೋಡಲು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದ ಲಕ್ಷ್ಮಮ್ಮ ಅಲ್ಲೇ ನಿಂತುಬಿಟ್ಟರು.

"ಇವತ್ತು ನಿಮ್ಮ ಬೂದಿ ಬುಧವಾರ ಅಂತಿದೆ. ಚರ್ಚಿಗೆ ಹೋಗ್ಲಿಲ್ವೇನೋ?"

ಅಂತೋಣಿ ಬ್ರಷ್ಷನ್ನು ಸೋಪಿಗೆ ಉಜ್ಜತೊಡಗಿದರು. ನನ್ನ ಬಾಯಿ ಸುಮ್ಮನಿರುವುದಲ್ಲ, ಇದ್ದುದನ್ನೆಲ್ಲ ಹೇಳಿಬಿಟ್ಟೆ. ಲಕ್ಷ್ಮಮ್ಮ ಸ್ಟೂಲು ಎಳೆದು ಕೂತರು. "ನಮ್ಮ ಮಂಗಳವಾರ ಉಳಿಸೋಕೆ ನಿನ್ನ ಬುಧವಾರ ಬಿಟ್ಯಾ?"

"ಸಂಜೇನೂ ಪೂಜೆ ಇದೆ ಅಮ್ಮ. ನೀವು ಸ್ವಲ್ಪ ಬಿಸಿನೀರು ತನ್ನಿ" ಎಂದರು ಅಂತೋಣಿ.

ಹತ್ತು ಗಂಟೆಗೆ ರಾಮಣ್ಣನವರು ಪಂಚೆ, ಶಲ್ಯದಲ್ಲಿ ನಡುಮನೆಯಲ್ಲಿ ಕೂತು ತಾಂಬೂಲ ಬದಲಾಯಿಸಿದರು. ಮೊಮ್ಮಗಳ ಮುಖ ಅರಳಿತು. ಊಟಕ್ಕೆ ಕೂತಾಗ ಬಡಿಸುವವರು ಅಂತೋಣಿಗೆ ಹೋಳಿಗೆ ಹಿಡಿದು ಒತ್ತಾಯ ಮಾಡಿದರೆ ಲಕ್ಷ್ಮಮ್ಮ, "ಅವನಿಗೆ ಬಲವಂತ ಮಾಡ್ಬೇಡಿ, ವ್ರತದಲ್ಲಿದಾನೆ" ಎಂದು ಗದರಿದರು.

ಹೊರಡುವಾಗ ರಾಮಣ್ಣನವರು ಅಂತೋಣಿಯ ಕೈ ಹಿಡಿದು ತೊದಲಿದರು. "ಇಷ್ಟ್ ವರ್ಷದಿಂದ ಬರ್ತೀಯ... ನಿಮ್ ಯೇಸು ವಿಷ್ಯ ಒಂದಿನಾನೂ ಹೇಳಿಲ್ವಲ್ಲೋ. ಮುಂದಿನ್ ಸಲ ಬಂದಾಗ ಹೇಳು."

"ಆಗ್ಲಿ ಅಣ್ಣ" ಎಂದರು ಅಂತೋಣಿ.

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಜೆ.ಪಿ. ನಗರ ಬಂದಾಗ ನನ್ನತ್ತ ತಿರುಗಿ, ನಿಜವಾಗಿಯೂ ದಿಕ್ಕು ತೋಚದವರಂತೆ ಕೇಳಿದರು:

"ಸಾರ್, ಎಲ್ಲಿಂದ ಶುರು ಮಾಡ್ಲಿ?"