ಅಮ್ಮ ತುಂಬಿದ ಸಂದು

ಪಕ್ಕದ ಮನೆಯ ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದಾರೆ. ಹಸಿ ಸಿಮೆಂಟಿನ ಆ ತಣ್ಣನೆಯ ವಾಸನೆ ಕಿಟಕಿಯಿಂದ ಒಳಗೆ ಬಂದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅರವತ್ತು ವರ್ಷದ ಮೇಲೂ ಕೈ ತಂಬಿಗೆ ಹುಡುಕುತ್ತದೆ. ಇಂಥ ಹುಚ್ಚು ನಿಮಗೂ ಒಂದಾದರೂ ಇದ್ದೀತು.

ಕುಮಟೆಯಲ್ಲಿ ನಮ್ಮ ಮನೆಯ ಮುಂದಿನ ಉದ್ದ ಗೋಡೆ ಕೆಂಪು ಚಿರೇಕಲ್ಲಿನದು. ಅಪ್ಪ ಗಾರೆ ಕೆಲಸದವ. ಕಲ್ಲು ಕಟ್ಟಿದ್ದು ಅವನು. ಕಲ್ಲುಗಳ ನಡುವಿನ ಸಂದಿಗೆ ಗಾರೆ ತುಂಬಿ ನುಣುಪು ಮಾಡಿದ್ದು ಅಮ್ಮ. ನನಗೆ ಏಳು ತುಂಬುವ ಮೊದಲೇ ಅಮ್ಮ ಜ್ವರದಲ್ಲಿ ಹೋದಳು. ಉಪ್ಪುಗಾಳಿ ಅವಳ ಗಾರೆಯನ್ನೂ ತಿನ್ನುತ್ತ ಬಂತು. ಕೊನೆಗೆ ಮೊಳದುದ್ದದ ಒಂದು ಸಂದಷ್ಟೇ ಗಟ್ಟಿ ಉಳಿಯಿತು. ಅದನ್ನು ಮುಟ್ಟದೆ ಉಳಿದದ್ದನ್ನೆಲ್ಲ ತುಂಬಬೇಕು, ಆದರೆ ಅವಳ ಗೋಡೆ ತೇಪೆ ಹಾಕಿದಂತೆ ಕಾಣಬಾರದು. ಅಪ್ಪನಿಗೆ ಅದೊಂದೇ ಹಟ.

ಅವನ ಕಾಲು ಒಂದು ಕಡೆ ನಿಲ್ಲಲಿಲ್ಲ. ಶರಾವತಿಯ ಮರಳು ತರಿಸಿದ, ಗಾರೆಯ ಬಣ್ಣ ಬಿಳಿಚಿತು. ಕತಗಾಲದ ಹಳ್ಳದಿಂದ ಸೈಕಲ್ಲಿನ ಮೇಲೆ ಚೀಲ ಹೇರಿಕೊಂಡು ಬಂದ, ಅದು ಕಪ್ಪಾಯಿತು. ಎರಡನ್ನೂ ಬೆರೆಸಿ, ಸಿಮೆಂಟು ಇಳಿಸಿ, ಚಿಪ್ಪಿಸುಣ್ಣ ಏರಿಸಿ, ಚಿಟಿಕೆ ಕಲ್ಲಿನ ಪುಡಿ ಹಾಕಿ ತೆಂಗಿನ ಗರಟೆ ಗರಟೆಯಲ್ಲಿ ಕಲಸಿ ಜಗಲಿಯಂಚಿಗೆ ಒಣಗಿಸಿದ. "ಇದೇ ಬಣ್ಣ ಅಪ್ಪಾ!" ಎಂದು ನಾನು ಕುಣಿದರೆ, "ಹಸಿ ಇದ್ದಾಗ ನಂಬೂಕಾಗ ಮಗಾ, ಒಣಗ್ಲಿ" ಅನ್ನುತ್ತಿದ್ದ. ಹದಿಮೂರನೆಯ ಗರಟೆಯನ್ನು ಅಮ್ಮನ ಸಂದಿನ ಪಕ್ಕ ಹಿಡಿದಾಗ ಎರಡೂ ಒಂದೇ! ಅಮ್ಮ ಹೋದ ಮೇಲೆ ಅಪ್ಪ ನಕ್ಕದ್ದು ಅವತ್ತೇ.

ಅಮ್ಮನ ಸಂದಿನ ಎರಡೂ ತುದಿಗೆ ಗುರುತಿಗೆಂದು ಇದ್ದಿಲಿನಲ್ಲಿ ಗೆರೆ ಎಳೆದು, ಎರಡೇ ದಿನದಲ್ಲಿ ಗೋಡೆ ಮುಗಿಸಿದ. ವಾರವಿಡೀ ನೀರು ಹಾಕುವ ಕೆಲಸ ನನ್ನದು. ನನ್ನ ಹುಮ್ಮಸ್ಸಿಗೆ ಬೆಂಕಿ ಬೀಳಲಿ! ನೀರು ಎರಚಿದ್ದು ಸಾಲದೆಂದು, ಗೋಡೆ ಚಂದ ಕಾಣಲೆಂದು ಇದ್ದಿಲಿನ ಮಸಿಯನ್ನೆಲ್ಲ ಅಂಗೈಯಿಂದ ಉಜ್ಜಿ ತೊಳೆದೆ.

ಗೋಡೆ ಒಣಗಿದ ದಿನ ಅಪ್ಪ ಗೆರೆ ಹುಡುಕಿದ. ಈ ಸಾಲೋ, ಅದರ ಮೇಲಿನದೋ? ಬೆರಳಿಟ್ಟು ನೋಡಿದ, ಮುಖ ತಾಗುವಷ್ಟು ಹತ್ತಿರ ಬಗ್ಗಿ ನೋಡಿದ. "ಗುರ್ತು ಎಂತಾತೇ?" ಎಂದ. ನಾನು ಅಳತೊಡಗಿದೆ. ಅಪ್ಪ ಗೋಡೆ ಬಿಟ್ಟು ಬಂದು, "ಹೋಗ್ಲಿ ಬಿಡು. ನೀರು ಹಾಕು ಹೇಳಿದವ ನಾನೇ ಅಲ್ದಾ?" ಎಂದು ಕಣ್ಣುಜ್ಜಿ ಒದ್ದೆಯಾದ ನನ್ನ ಕೈ ಒರೆಸಿದ. ಅವನು ಬೈದಿದ್ದರೆ ನನಗೆ ಇಷ್ಟು ವರ್ಷ ಉರಿಯುತ್ತಿರಲಿಲ್ಲ. ಆಮೇಲೆ ದಿನಾ ಕೆಲಸಕ್ಕೆ ಹೊರಡುವಾಗ ಗೋಡೆ ಸವರಿ ಹೋಗುತ್ತಿದ್ದ, ಒಂದು ದಿನ ಈ ಸಾಲು, ಒಂದು ದಿನ ಆ ಸಾಲು.

ಅಪ್ಪ ಹೋದ ಎಷ್ಟೋ ವರ್ಷಕ್ಕೆ ರಸ್ತೆ ಅಗಲವಾಗುವಾಗ ಆ ಗೋಡೆ ಸಮೇತ ಮನೆ ಬಿತ್ತು. ನೋಡುತ್ತ ನಿಂತಿದ್ದ ನನ್ನನ್ನು ಕಂಡು ಕೆಡವುವ ಯಂತ್ರದವನು ಇಳಿದು ಬಂದ. "ನೆನಪಿಗೆ ಒಂದು ಕಲ್ಲು ತಕಂಡು ಹೋಗಿ ಅಕ್ಕಾ. ಯಾವ್ದು ಬೇಕು, ತೋರ್ಸಿ" ಎಂದ.

ಕೈ ಎತ್ತಿದೆ. ಯಾವುದೆಂದು ತೋರಿಸಲಿ?